ಗಾಂಧಿ ಕ್ಲಾಸಿನಿಂದ: ಅಪ್ಪನ ಪ್ಲೇಟು, ನನ್ನ ಡ್ರೈವು

"ಡಿ.ವಿ.ಡಿ. ಡ್ರೈವಾ? ಈಗಲಾ?" ಅಂತ ನೀವೂ ನಗಬೇಡಿ ಗೆಳೆಯರೇ! ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೊನ್ನೆ ನಾಲ್ಕು ಅಂಗಡಿಯವರು ನಕ್ಕು ಮುಗಿಸಿದ್ದಾರೆ. ಐದನೆಯವನು ಮಾತ್ರ ನಗದೆ ಕೈ ಮುಗಿದ. "ಗುರೂ, ಟೆಂಟು ಕಿತ್ತು ಹೋದ ಮೇಲೆ ಟಿಕೆಟ್ ಕೇಳೋಕೆ ಬಂದಿದ್ದೀಯಲ್ಲ!" ಅಂದ.

ಪ್ರತಿ ವಾರ ಯಾರ ಚಿತ್ರ ಎಷ್ಟು ದಿನ ಓಡಿತು, ಯಾವ ಕಟೌಟಿಗೆ ಎಷ್ಟುದ್ದದ ಹಾರ ಬಿತ್ತು ಅಂತ ಬರೆಯುವ ನಾನು ಈ ವಾರ ಕಂಪ್ಯೂಟರ್ ಡಬ್ಬ ಬಿಚ್ಚಿಕೊಂಡು ಕೂತಿದ್ದೇನೆ. ಕಾರಣ ಇದೆ. ಮೊದಲು ಕಾರಣ, ಆಮೇಲೆ ಸ್ಕ್ರೂಡ್ರೈವರ್.

ನಮ್ಮಪ್ಪ ಆಪರೇಟರ್. ಅರಸೀಕೆರೆ ಕಡೆಯ ಒಂದು ಊರಿನ ಟಾಕೀಸಿನಲ್ಲಿ ಇಪ್ಪತ್ತಾರು ವರ್ಷ ಪ್ರೊಜೆಕ್ಟರ್ ಓಡಿಸಿದವರು. 2011ರಲ್ಲಿ ಆ ಟಾಕೀಸಿಗೆ ಡಿಜಿಟಲ್ ಪೆಟ್ಟಿಗೆ ಬಂತು. ರೀಲಿನ ಕೊನೆಯ ಸೆಕೆಂಡ್ ಷೋ ದಿನ, ಊರಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದ ಪುಣ್ಯಾತ್ಮರೊಬ್ಬರು ಕ್ಯಾಮೆರಾ ಹೊತ್ತು ಕ್ಯಾಬಿನ್ನಿಗೆ ಬಂದರು. ಅಪ್ಪ ಕಾರ್ಬನ್ ಕಡ್ಡಿ ಹೊಂದಿಸುವುದು, ರೀಲು ಏರಿಸುವುದು, ಬನಿಯನ್ನಿನಲ್ಲಿ ಬೆವರುತ್ತಾ ಸಣ್ಣ ಕಿಂಡಿಯಿಂದ ಪರದೆ ನೋಡುವುದು, ನಡುವೆ ನನ್ನನ್ನು ಗದರುವುದು... ಒಟ್ಟು ಐವತ್ತೈದು ನಿಮಿಷ. ಅದನ್ನೆಲ್ಲ ಒಂದು ಖಾಲಿ ಡಿ.ವಿ.ಡಿ.ಗೆ ಬರೆದು ಕೊಟ್ಟರು.

2019ರಲ್ಲಿ ಅಪ್ಪ ಹೋದರು. ಅವರದು ಬಟನ್ ಫೋನ್. ನನ್ನ ಹಳೇ ಫೋನಿನಲ್ಲಿ ಅಪ್ಪನ ಎರಡು ವಿಡಿಯೋ ಇದ್ದವು, ಆ ಫೋನು ಮೆಜೆಸ್ಟಿಕ್ಕಿನ ರಶ್ಶಿನಲ್ಲಿ ಕಳ್ಳನ ಪಾಲಾಯಿತು. ಗೋಡೆ ಮೇಲೆ ಫೋಟೋ ಇದೆ, ದನಿ ಇಲ್ಲ. ದನಿ ಇರುವುದು ಆ ಒಂದು ಡಿಸ್ಕಿನಲ್ಲಿ ಮಾತ್ರ. ಈ ಯುಗಾದಿಗೆ ಊರಿಗೆ ಹೋದಾಗ ಅಮ್ಮ ಟ್ರಂಕಿನ ತಳದಿಂದ ಅದನ್ನು ತೆಗೆದು, ಸೆರಗಲ್ಲಿ ಒರೆಸಿ ಕೈಗಿಟ್ಟಳು. "ಮನೇದು ಪ್ಲೇಯರ್ ಕೆಟ್ಟೋಯ್ತು. ಅಪ್ಪನ ಪ್ಲೇಟು ಇನ್ನೂ ಓಡುತ್ತೇನೋ ನೋಡೋ ಮಗ."

ಬೆಂಗಳೂರಿಗೆ ಬಂದು ನೋಡಿದರೆ ನನ್ನ ರೂಮಿನ ಕಂಪ್ಯೂಟರಿಗೆ ಡಿಸ್ಕ್ ತಿನ್ನುವ ಬಾಯಿಯೇ ಇಲ್ಲ!

ನಿಮ್ಮ ಅಟ್ಟದ ಮೇಲೂ ಇಂಥ ಒಂದು ಚೀಲ ಇದ್ದೇ ಇರುತ್ತದೆ, ಪಂದ್ಯ ಕಟ್ಟುತ್ತೇನೆ. ಅಕ್ಕನ ಮದುವೆ, ಅಭಿಮಾನಿ ಸಂಘದ ನೂರು ದಿನದ ಮೆರವಣಿಗೆ, ಜೊತೆಗೆ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಸಿನಿಮಾ ಡಿಸ್ಕುಗಳು. ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಗೆ 28 ರೂಪಾಯಿ, ಡಿ.ವಿ.ಡಿ.ಗೆ 34 ರೂಪಾಯಿ ಅಂತ ಮಾರುಕಟ್ಟೆಗೆ ಇಳಿದಾಗ ಬೀಡಾ ಅಂಗಡಿಯಲ್ಲೂ ಚಿತ್ರ ಸಿಗುತ್ತಿತ್ತು. ಆ ಕಂಪನಿಯೇ 2018ರಲ್ಲಿ ಬಾಗಿಲು ಹಾಕುವ ಹಾದಿ ಹಿಡಿಯಿತು. ಇವತ್ತು ಫೋನಿನಲ್ಲಿ ಎಷ್ಟು ತಡಕಾಡಿದರೂ ಸಿಗದ, ಸಿಕ್ಕರೂ ಹಾಡು ಕತ್ತರಿಸಿ ಮೂಲೆಗೊಂದು ಮುದ್ರೆ ಒತ್ತಿದ ಎಷ್ಟೋ ಕನ್ನಡ ಚಿತ್ರಗಳು ಆ ಚೀಲದಲ್ಲಿ ಪೂರ್ತಿಯಾಗಿ ಕೂತಿವೆ.

ಹಾಗಾದರೆ ಎಂಥ ಡ್ರೈವ್ ಕೊಳ್ಳಬೇಕು? ಅಂಗಡಿಯವನು "24 ಎಕ್ಸ್ ಇದೆ, 22 ಎಕ್ಸ್ ಇದೆ" ಅಂತ ಸ್ಪೀಡು ಹೇಳುತ್ತಾನೆ. ಕಿವಿಗೆ ಹಾಕಿಕೊಳ್ಳಬೇಡಿ. ಡಿ.ವಿ.ಡಿ.ಯಲ್ಲಿ 1 ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.35 ಎಂ.ಬಿ. ಕೂತು ಸಿನಿಮಾ ನೋಡುವುದಕ್ಕೆ ಅಷ್ಟೇ ಸಾಕು. ಉಳಿದ ಸ್ಪೀಡೆಲ್ಲ ಕಾಪಿ ಮಾಡುವಾಗ, ಹೊಸ ಡಿಸ್ಕ್ ಬರೆಯುವಾಗ. ನೀವು ಕೇಳಬೇಕಾದದ್ದು ಬೇರೆ: ನನ್ನ ಡಬ್ಬಕ್ಕೆ ಇದು ಕೂರುತ್ತಾ? ನನ್ನ ಹಳೇ ಡಿಸ್ಕನ್ನು ಇದು ಓದುತ್ತಾ?

ಮೊದಲನೆಯದರಲ್ಲಿ ನಾನೇ ಮುಗ್ಗರಿಸಿದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಡ್ರೈವ್ ತಂದು, ಹಿಂದೆ ತಿರುಗಿಸಿ ನೋಡಿದರೆ ನಲವತ್ತು ಸೂಜಿಗಳ ಅಗಲ ಬಾಯಿ! ಅದು ಐ.ಡಿ.ಇ. ಜಾತಿ. ಅಗಲ ಪಟ್ಟಿ ಕೇಬಲ್ಲು, ಮಾಸ್ಟರ್-ಸ್ಲೇವ್ ಅಂತ ಜಂಪರ್ ಹಾಕುವ ಕಾಲದ್ದು. 2003ರಲ್ಲಿ ಸಾಟಾ ಅನ್ನುವ ಸಪೂರ ಕೇಬಲ್ ಬಂದ ಮೇಲೆ ಅದು ನಿಧಾನವಾಗಿ ಮೂಲೆ ಸೇರಿತು. ಈಗಿನ ಮದರ್‌ಬೋರ್ಡಿನಲ್ಲಿ ಐ.ಡಿ.ಇ. ಜಾಗ ಇರುವುದಿಲ್ಲ. ಅದಕ್ಕೇ ಕೊಳ್ಳುವ ಮೊದಲು ಡ್ರೈವಿನ ಬೆನ್ನು ನೋಡಿ. ಸಾಟಾ ಆದರೆ ಎರಡು ಚಪ್ಪಟೆ ಬಾಯಿ ಇರುತ್ತವೆ: ಡೇಟಾಗೆ 7 ಗೆರೆಯದು ಸಣ್ಣದು, ಕರೆಂಟಿಗೆ 15 ಗೆರೆಯದು ದೊಡ್ಡದು.

ಆಮೇಲೆ ಕ್ಯಾಬಿನೆಟ್ಟಿನ ಮುಖ ನೋಡಿ. ಹಳೆಯದಾದರೆ ಮೇಲ್ಗಡೆ ಐದೂಕಾಲು ಇಂಚಿನ ಖಾನೆ ಇರುತ್ತದೆ. ಈಗ ಬರುವ ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಗಾಜಿನ ಬಾಗಿಲು, ಒಳಗೆ ಆರ್ಕೆಸ್ಟ್ರಾದ ಹಾಗೆ ಬಣ್ಣಬಣ್ಣದ ಲೈಟು... ಖಾನೆ ಮಾತ್ರ ಇಲ್ಲ. ಅಂಥವರಿಗೆ, ಲ್ಯಾಪ್‌ಟಾಪಿನವರಿಗೆ, ಯು.ಎಸ್.ಬಿ.ಗೆ ಸಿಕ್ಕಿಸುವ ಹೊರಗಿನ ಡ್ರೈವೇ ಗತಿ. ಎಲ್.ಜಿ., ಏಸಸ್ ಹೆಸರಿನವು ಸಿಗುತ್ತವೆ. ಹಳೇ ಲ್ಯಾಪ್‌ಟಾಪಿನ ಒಳಗಿನ ಡ್ರೈವ್ ಬದಲಿಸುವುದಾದರೆ ದಪ್ಪ ಅಳೆದುಕೊಂಡು ಹೋಗಿ. 12.7 ಮಿಲಿಮೀಟರಿನದು ಒಂದು, 9.5ರದು ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ.

ನಾನೂ ಮೊದಲು ಹೊರಗಿನದನ್ನೇ ತಂದೆ. ಹೆಸರಿಲ್ಲದ ಮಾಲು, ತೆಳ್ಳಗೆ ನೋಡೋಕೆ ಚೆಂದ. ಡಿಸ್ಕ್ ಹಾಕಿದೆ. ಗುಂಯ್ ಅಂತು, ನಿಂತಿತು. ಮತ್ತೆ ಗುಂಯ್, ಮತ್ತೆ ನಿಂತಿತು. ಕರೆಂಟು ಸಾಲದೆ ಏದುಸಿರು ಬಿಡುತ್ತಿತ್ತು ಪಾಪ! ಯು.ಎಸ್.ಬಿ. 2.0 ತೂತು ಲೆಕ್ಕಕ್ಕೆ ಕೊಡುವುದು 500 ಮಿಲಿಆಂಪಿಯರ್. ಡಿಸ್ಕ್ ತಿರುಗಲು ಶುರುವಾಗುವ ಹೊತ್ತಿನಲ್ಲಿ ಕೆಲವು ಡ್ರೈವಿಗೆ ಅದು ಸಾಲುವುದಿಲ್ಲ. ಮುಂದಿನ ತೂತು ಬಿಟ್ಟು ಕಂಪ್ಯೂಟರಿನ ಹಿಂದೆ, ಮದರ್‌ಬೋರ್ಡಿನಲ್ಲೇ ಇರುವ ತೂತಿಗೆ ಹಾಕಿದೆ. ಆಗ ಓಡಿತು. ಅಪ್ಪ ಬಂದರು! ಮೂವತ್ತೊಂದನೇ ನಿಮಿಷಕ್ಕೆ ಚಿತ್ರ ಚೌಕ ಚೌಕವಾಗಿ ಒಡೆದು, ಅಪ್ಪನ ಬಾಯಿ ತೆರೆದಂತೆಯೇ ನಿಂತುಹೋಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಬೆಳಕಿನಲ್ಲಿ ಡಿಸ್ಕ್ ಹಿಡಿದು ನೋಡಿದರೆ ತಳದ ನೇರಳೆ ಬಣ್ಣ ಅಂಚಿನ ಕಡೆ ಮಾಸಿತ್ತು. ಕಂಪನಿಯಲ್ಲಿ ಅಚ್ಚು ಹೊಡೆದ ಸಿನಿಮಾ ಡಿಸ್ಕಿಗೂ, ಮನೆಯಲ್ಲಿ ಬರೆದ ಡಿಸ್ಕಿಗೂ ಇರುವ ವ್ಯತ್ಯಾಸ ಇದೇ. ಅಚ್ಚಿನದರಲ್ಲಿ ಗುಳಿಗಳಿರುತ್ತವೆ. ಬರೆದದ್ದರಲ್ಲಿ ಲೇಸರ್ ಒಂದು ಬಣ್ಣದ ಪದರವನ್ನು ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಖೆ ತಾಗಿದರೆ ಆ ಬಣ್ಣ ಸಾಯುತ್ತಾ ಬರುತ್ತದೆ. ಡಿಸ್ಕನ್ನು ಓದುವುದು ನಡುವಿನಿಂದ ಅಂಚಿಗೆ. ಅಂದರೆ ಅಂಚು ಕೆಟ್ಟರೆ ಕ್ಲೈಮ್ಯಾಕ್ಸೇ ಹೋದಂತೆ!

ಈ ಹಂತದಲ್ಲಿ ನಾನು ಕಲಿತದ್ದು ಒಂದು. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಡ್ರೈವ್ ಓದಬಹುದು. ಹಳೇ ಡಿಸ್ಕ್ ಇರುವವರು, ಖಾನೆ ಇದ್ದರೆ, ಒಳಗೆ ಕೂರುವ ದಪ್ಪ ಡ್ರೈವನ್ನೂ ಒಂದು ಕೈ ನೋಡಲೇಬೇಕು. ಮತ್ತೆ ಎಸ್.ಪಿ. ರೋಡಿಗೆ ಹೋದೆ. ಆ ಕೈ ಮುಗಿದವನೇ ಒಳಗಿನಿಂದ ಧೂಳು ಹಿಡಿದ ಒಂದು ಸಾಟಾ ಡ್ರೈವ್ ತಂದ. ಐನೂರು ಅಂದ, ಮುನ್ನೂರಕ್ಕೆ ಇಳಿದ.

ಹಳೇದು ಕೊಳ್ಳುವಾಗ ಜೇಬಿನಲ್ಲಿ ಮೂರು ಡಿಸ್ಕ್ ಇರಲಿ: ಒಂದು ವಿ.ಸಿ.ಡಿ., ಒಂದು ಕಂಪನಿ ಡಿ.ವಿ.ಡಿ., ಒಂದು ಮನೆಯಲ್ಲಿ ಬರೆದದ್ದು. ಮೂರನ್ನೂ ಅಲ್ಲೇ ಓಡಿಸಿ ನೋಡಿ. ಯಾಕೆ ಅಂದರೆ ಡ್ರೈವಿನ ಒಳಗೆ ಎರಡು ಲೇಸರ್ ಇರುತ್ತವೆ. ಸಿ.ಡಿ.ಗೆ 780 ನ್ಯಾನೋಮೀಟರ್, ಡಿ.ವಿ.ಡಿ.ಗೆ 650 ನ್ಯಾನೋಮೀಟರ್. ಒಂದು ಸತ್ತು ಇನ್ನೊಂದು ಬದುಕಿರುವುದು ಸಾಮಾನ್ಯ. ಡಿ.ವಿ.ಡಿ. ಲಕಲಕ ಅಂತ ಓಡುತ್ತದೆ, ವಿ.ಸಿ.ಡಿ. ಹಾಕಿದರೆ ಗರ ಬಡಿದಂತೆ ಸುಮ್ಮನಿರುತ್ತದೆ! ತಟ್ಟೆ ನಾಲ್ಕು ಸಲ ತೆಗೆದು ಹಾಕಿ ನೋಡಿ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿದ್ದರೆ ಬಾಯಿ ಬಿಡುವುದಿಲ್ಲ. ಹಾಗೆ ಡಿಸ್ಕ್ ಒಳಗೇ ಸಿಕ್ಕಿಕೊಂಡರೆ ಮುಂಭಾಗದ ಸೂಜಿಯಷ್ಟು ತೂತಿಗೆ, ಕರೆಂಟ್ ಆರಿಸಿ, ಬಿಡಿಸಿದ ಪೇಪರ್ ಕ್ಲಿಪ್ ಚುಚ್ಚಿ. ತಟ್ಟೆ ಹೊರಗೆ ಬರುತ್ತದೆ.

ಈಗ ಕೂರಿಸುವುದು. ಮೆಕ್ಯಾನಿಕ್ ಬೇಕಿಲ್ಲ. ಪಿ.ಯು.ಸಿ. ಬಿಟ್ಟ ನಾನೇ ಕೂರಿಸಿದ್ದೇನೆ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು ಪಕ್ಕಕ್ಕಿಡಿ. ಕ್ಯಾಬಿನೆಟ್ಟಿನ ಬರೀ ತಗಡನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಾಯಿ ವಿದ್ಯುತ್ತು ಇಳಿದುಹೋಗಲಿ. ಪಕ್ಕದ ಬಾಗಿಲು ತೆಗೆದು, ಮುಂದಿನ ಖಾನೆಯ ಪ್ಲಾಸ್ಟಿಕ್ ಮುಚ್ಚಳವನ್ನು ಒಳಗಿನಿಂದ ಹೊರಕ್ಕೆ ತಳ್ಳಿ. ಡ್ರೈವನ್ನು ಮುಂದಿನಿಂದ ಒಳಗೆ ಜಾರಿಸಿ, ಮುಖ ಸಮವಾಗುವ ಹಾಗೆ ನಿಲ್ಲಿಸಿ, ಎರಡೂ ಪಕ್ಕ ಸ್ಕ್ರೂ ಹಾಕಿ.

ಸ್ಕ್ರೂ ಅಂದೆ ನೋಡಿ, ಅಲ್ಲೊಂದು ಪೇಚಾಟ. ಹಾರ್ಡ್ ಡಿಸ್ಕಿನ ಸ್ಕ್ರೂ ಮತ್ತು ಡಿ.ವಿ.ಡಿ. ಡ್ರೈವಿನ ಸ್ಕ್ರೂ ನೋಡೋಕೆ ಅಣ್ಣತಮ್ಮಂದಿರು, ಒಳಗೆ ದಾಯಾದಿಗಳು! ಡ್ರೈವಿಗೆ ಬೇಕಾದ್ದು ಎಂ-3 ಅನ್ನುವ ನಯವಾದ ಮರೆಯದು, ಗಿಡ್ಡದು. ನಾನು ಹಾರ್ಡ್ ಡಿಸ್ಕಿನ ಒರಟು ಮರೆಯದನ್ನು ಹಠ ಹಿಡಿದು ತಿರುಗಿಸಿ ಒಂದು ತೂತು ಹಾಳು ಮಾಡಿದೆ. ಬೆರಳಿನಲ್ಲಿ ಎರಡು ಸುತ್ತು ಸಲೀಸಾಗಿ ಹೋಗದಿದ್ದರೆ ಅದು ನಿಮ್ಮ ಸ್ಕ್ರೂ ಅಲ್ಲ ಅಂತ ತಿಳಿಯಿರಿ.

ಆಮೇಲೆ ಎಸ್.ಎಂ.ಪಿ.ಎಸ್.ನಿಂದ ಬರುವ ಚಪ್ಪಟೆ ಕರೆಂಟ್ ವೈರು ದೊಡ್ಡ ಬಾಯಿಗೆ, ಡೇಟಾ ಕೇಬಲ್ಲಿನ ಒಂದು ತುದಿ ಸಣ್ಣ ಬಾಯಿಗೆ, ಇನ್ನೊಂದು ಮದರ್‌ಬೋರ್ಡಿನ ಸಾಟಾ ಜಾಗಕ್ಕೆ. ಎರಡರಲ್ಲೂ ತುದಿ ಸೊಟ್ಟಗಿರುತ್ತದೆ. ತಿರುಗಾಮುರುಗಾ ಹೋಗುವುದಿಲ್ಲ, ಬಲ ಹಾಕಬೇಡಿ. ಅಷ್ಟೇ. ಬೇರೆ ಡ್ರೈವರ್ ತಂತ್ರಾಂಶ ಏನೂ ಬೇಡ, ವಿಂಡೋಸ್ ತಾನೇ ಗುರುತು ಹಿಡಿಯುತ್ತದೆ.

ಗುರುತು ಹಿಡಿಯುತ್ತದೆ, ಸಿನಿಮಾ ತೋರಿಸುವುದಿಲ್ಲ! 2012ರ ವಿಂಡೋಸ್ 8ರಿಂದ ಡಿ.ವಿ.ಡಿ. ಓಡಿಸುವ ಸೌಕರ್ಯವನ್ನು ಮಾಮೂಲಿ ವಿಂಡೋಸಿನಿಂದ ತೆಗೆದುಬಿಟ್ಟರು. ಎಷ್ಟೋ ಜನ ಡ್ರೈವೇ ಕೆಟ್ಟಿದೆ ಅಂತ ವಾಪಸ್ ಮಾಡುವುದು ಇದೇ ಕಾರಣಕ್ಕೆ. ವಿ.ಎಲ್.ಸಿ. ಹಾಕಿಕೊಳ್ಳಿ, ದುಡ್ಡಿಲ್ಲ. ಪ್ಯಾರಿಸ್ಸಿನ ಇಂಜಿನಿಯರಿಂಗ್ ಕಾಲೇಜೊಂದರ ಹುಡುಗರು 1996ರಲ್ಲಿ ಶುರು ಮಾಡಿದ್ದು. ಹೊರದೇಶದ ಡಿಸ್ಕ್ ಇರುವವರಿಗೆ ಒಂದು ಮಾತು: ಡ್ರೈವಿನಲ್ಲಿ ರೀಜನ್ ಅಂತ ಇರುತ್ತದೆ, ನಮ್ಮ ದೇಶದ್ದು 5. ಅದನ್ನು ಬದಲಿಸಲು ಒಟ್ಟು ಐದೇ ಅವಕಾಶ, ಆಮೇಲೆ ಬೀಗ. ಕೇಳಿದಾಗಲೆಲ್ಲ 'ಸರಿ' ಒತ್ತುತ್ತಾ ಹೋಗಬೇಡಿ.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗ್ತೀನಿ. ಒಂದು ಪದರದ ಡಿ.ವಿ.ಡಿ.ಗೆ 4.7 ಜಿ.ಬಿ., ಎರಡು ಪದರದ್ದಕ್ಕೆ 8.5. ಉದ್ದದ ಚಿತ್ರ ನೋಡುವಾಗ ನಡುವೆ ಎಲ್ಲೋ ಒಂದು ಕಡೆ ಚಿತ್ರ ಅರೆಗಳಿಗೆ ತಡೆದು ಮುಂದೆ ಹೋಗುತ್ತದಲ್ಲ, ಅದು ದೋಷವಲ್ಲ. ಲೇಸರ್ ಒಂದು ಪದರ ಬಿಟ್ಟು ಇನ್ನೊಂದಕ್ಕೆ ದಾಟುತ್ತಿದೆ. ಅಪ್ಪ ಒಂದು ಪ್ರೊಜೆಕ್ಟರಿನಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದ ಹಾಗೆ! ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿದರೆ ಮೋಟಾರು ಶುರು, ಎರಡನೇ ಚುಕ್ಕಿಗೆ ಬದಲು. ಗಾಂಧಿ ಕ್ಲಾಸಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾದ ದಿನ ಅಪ್ಪನಿಗೆ ಬೈಗುಳ, ಶಿಳ್ಳೆ.

ಹೊಸದಾಗಿ ಕೂರಿಸಿದ ಹಳೇ ಡ್ರೈವಿಗೆ ಅಪ್ಪನ ಡಿಸ್ಕ್ ಹಾಕಿದೆ. ಹಾಕುವ ಮೊದಲು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಅಮ್ಮನ ಸೆರಗಿನ ಹಾಗೆ ಸುತ್ತಾಕಾರ ಒರೆಸಬಾರದು. ಗೀರು ಬಿದ್ದರೆ ಓದುವ ದಾರಿಯುದ್ದಕ್ಕೂ ಬೀಳುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಶುರು ಮಾಡಿ, ಡಿಡಿರೆಸ್ಕ್ಯೂ ಅನ್ನುವ ಉಚಿತ ತಂತ್ರಾಂಶಕ್ಕೆ ಕೆಲಸ ಒಪ್ಪಿಸಿದೆ. ಅದರ ಗುಣ ಏನೆಂದರೆ, ಓದಲಾಗದ ಜಾಗದಲ್ಲಿ ಹಠ ಹಿಡಿದು ಕೂರುವುದಿಲ್ಲ. ಹಾರಿಸಿ ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಬಾಚಿಕೊಂಡು, ಆಮೇಲೆ ಕೆಟ್ಟ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಎಲ್ಲಿ ಸೋತೆ ಅಂತ ಪಟ್ಟಿ ಬರೆದಿಡುತ್ತದೆ. ಆ ಪಟ್ಟಿ ಹಿಡಿದು ಉಳಿದದ್ದನ್ನು ಬೇರೆ ಡ್ರೈವಿನಲ್ಲೂ ಪ್ರಯತ್ನಿಸಬಹುದು. ನಾನು ಎರಡೂ ಡ್ರೈವಿನಲ್ಲಿ ಪ್ರಯತ್ನಿಸಿದೆ. ರಾತ್ರಿ ಹತ್ತಕ್ಕೆ ಶುರುವಾದದ್ದು, ಎರಡು ಟೀ, ಒಂದು ಜಗಳ (ರೂಮ್‌ಮೇಟಿಗೆ ಆ ಗುಂಯ್ ಸದ್ದಿಗೆ ನಿದ್ದೆ ಇಲ್ಲ), ಬೆಳಗಿನ ಹಾಲಿನವನು ಬರುವ ಹೊತ್ತಿಗೆ ಮುಗಿಯಿತು.

ಐವತ್ತೈದರಲ್ಲಿ ಐವತ್ತೆರಡು ನಿಮಿಷ ಸಿಕ್ಕಿತು. ಕೊನೆಯ ಮೂರು ನಿಮಿಷ ಯಾವ ಡ್ರೈವಿಗೂ ದಕ್ಕಲಿಲ್ಲ.

ಸಿಕ್ಕಿದ್ದನ್ನು ಎರಡು ಕಡೆ ಇಟ್ಟಿದ್ದೇನೆ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ. ನಿಮ್ಮ ಮನೆಯ ಡಿಸ್ಕುಗಳಿಗೂ ಹಾಗೇ ಮಾಡಿ. ಕಂಪನಿ ಸಿನಿಮಾಗಳನ್ನು ಮಾತ್ರ ಊರಿಗೆಲ್ಲ ಹಂಚಲು ಹೋಗಬೇಡಿ. ನಿರ್ಮಾಪಕರ ಹೊಟ್ಟೆ ಮೇಲೆ ಹೊಡೆದು ಅಭಿಮಾನಿ ಅನ್ನಿಸಿಕೊಳ್ಳುವುದು ಯಾವ ಸೀಮೆಯ ಅಭಿಮಾನ?

ಹೋದ ಭಾನುವಾರ ಪೆನ್‌ಡ್ರೈವ್ ತೆಗೆದುಕೊಂಡು ಊರಿಗೆ ಹೋಗಿ ಟಿ.ವಿ.ಗೆ ಹಾಕಿದೆ. ಅಮ್ಮ ಗೋಡೆಗೆ ಒರಗಿ ಕೂತು ಪೂರ್ತಿ ನೋಡಿದಳು. ನನ್ನನ್ನು ಗದರುವ ಕಡೆ ನಕ್ಕಳು. ಕೊನೆಯ ರೀಲು ಓಡುತ್ತಿರುವಾಗಲೇ ಚಿತ್ರ ನಿಂತುಹೋಯಿತು. "ಇನ್ನು ಮೂರು ನಿಮಿಷ ಹೋಗಿಬಿಡ್ತಮ್ಮ. ಕೊನೇಲಿ ಅಪ್ಪ ಕ್ಯಾಮೆರಾ ಕಡೆ ತಿರುಗಿ ಏನೋ ಹೇಳ್ತಾರೆ, ನಂಗೆ ನೆನಪಿಲ್ಲ" ಅಂದೆ.

"ನಂಗೈತೆ" ಅಂದಳು. "'ಲೈಟ್ ಆರ್ಸ್ತೀನಿ, ಹುಷಾರಾಗಿ ಮೆಟ್ಲು ಇಳೀರಿ' ಅಂದ್ರು. ಅಷ್ಟೇ."

ಮುಂದಿನ ವಾರ ಮತ್ತೆ ಗಾಂಧಿನಗರದಲ್ಲಿ ಸಿಗೋಣ.