ಸನದು ಕೇಳುವ ಸಮುದಾಯ ಕಾಲೇಜಿನ ಸನದನ್ನೇಕೆ ಕೇಳುತ್ತಿಲ್ಲ?

ಮಂಗಳೂರಿನಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಸಾಗುವವರು ಎಡಪದವು ದಾಟಿದ ಬಳಿಕ ರಸ್ತೆಯ ಇಕ್ಕೆಲಗಳನ್ನೊಮ್ಮೆ ಗಮನಿಸಬೇಕು. ಮಿಜಾರು ಮತ್ತು ತೋಡಾರಿನ ನಡುವೆ, ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಮೂರು ಇಂಜಿನಿಯರಿಂಗ್ ಕಾಲೇಜುಗಳಿವೆ. ಮೂರೂ 2007 ಮತ್ತು 2008ರಲ್ಲಿ ತಲೆಯೆತ್ತಿದವು. ಅವುಗಳಲ್ಲೊಂದಾದ ಯೆನೆಪೋಯ ತಾಂತ್ರಿಕ ಕಾಲೇಜು ತೋಡಾರಿನಲ್ಲಿದೆ. ಅದೇ ತೋಡಾರಿನಲ್ಲಿ ಶಂಸುಲ್ ಉಲಮಾ ಅರಬಿಕ್ ಕಾಲೇಜೂ ಇದೆ. ಒಂದರಲ್ಲಿ ಕಲಿತವನಿಗೆ ವಿಶ್ವವಿದ್ಯಾನಿಲಯದ ಪದವಿ ಸಿಗುತ್ತದೆ. ಇನ್ನೊಂದರಲ್ಲಿ ಕಲಿತವನಿಗೆ ಸನದು ಸಿಗುತ್ತದೆ.

ಸನದು ಎಂಬ ಪದದ ತೂಕ ನಮ್ಮ ಸಮುದಾಯಕ್ಕೆ ಚೆನ್ನಾಗಿ ಗೊತ್ತು. ಒಬ್ಬ ವಿದ್ವಾಂಸ ಇನ್ನೊಬ್ಬನಿಗೆ ಕಲಿಸುವ ಅನುಮತಿ ಕೊಡುವುದು ಇಜಾಝತ್. ಆ ಅನುಮತಿ ಕೊಟ್ಟವನಿಗೆ ಅದನ್ನು ಕೊಟ್ಟವರು ಯಾರು, ಅವರಿಗೆ ಕೊಟ್ಟವರು ಯಾರು ಎಂದು ಸರಪಳಿ ಹಿಂದಕ್ಕೆ ಸಾಗಬೇಕು. ಸರಪಳಿಯ ಒಂದು ಕೊಂಡಿ ಕಳಚಿದ್ದರೂ ಹದೀಸನ್ನು ದುರ್ಬಲವೆಂದು ಪಕ್ಕಕ್ಕಿಟ್ಟ ಪರಂಪರೆ ನಮ್ಮದು. ಮದುವೆಯ ಪ್ರಸ್ತಾಪ ಬಂದರೆ ಹುಡುಗನ ಅಜ್ಜನ ಊರಿನವರೆಗೂ ವಿಚಾರಿಸುವವರು ನಾವು. ಇಂಥ ಸಮುದಾಯವೇ, ಮಗಳನ್ನು ಒಂದು ಕೋರ್ಸಿಗೆ ಸೇರಿಸಿ ಲಕ್ಷಗಟ್ಟಲೆ ಶುಲ್ಕ ಕಟ್ಟುವಾಗ, ‘ನಿಮಗೆ ಇದನ್ನು ನಡೆಸಲು ಅನುಮತಿ ಕೊಟ್ಟವರು ಯಾರು’ ಎಂಬ ಒಂದೇ ಒಂದು ಪ್ರಶ್ನೆಯನ್ನು ಕೇಳದೆ ಬರುವುದೇಕೆ?

ಕಳೆದ ವರ್ಷ ಬಂಟ್ವಾಳ ಕಡೆಯ ತಂದೆಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಪಿಯುಸಿ ಮುಗಿಸಿದ ಮಗಳನ್ನು ಪೇಟೆಯ ಸಂಸ್ಥೆಯೊಂದರಲ್ಲಿ ಎರಡು ವರ್ಷಗಳ ಲ್ಯಾಬ್ ಟೆಕ್ನೀಶಿಯನ್ ಡಿಪ್ಲೊಮಾಕ್ಕೆ ಸೇರಿಸಿದ್ದರು. ಶುಲ್ಕಕ್ಕಾಗಿ ಪತ್ನಿಯ ಬಳೆಗಳು ಬ್ಯಾಂಕಿಗೆ ಹೋಗಿದ್ದವು. ಹುಡುಗಿ ಚೆನ್ನಾಗಿಯೇ ಕಲಿತಳು. ಆದರೆ ಆಸ್ಪತ್ರೆಯಲ್ಲಿ ಕೆಲಸ ಕೇಳಲು ಹೋದಾಗ ಪ್ಯಾರಾಮೆಡಿಕಲ್ ಮಂಡಳಿಯ ನೋಂದಣಿ ಸಂಖ್ಯೆ ಎಲ್ಲಿ ಎಂದು ಕೇಳಿದರು. ಅವಳ ಪ್ರಮಾಣಪತ್ರದಲ್ಲಿ ಹೊಳೆಯುವ ಮುದ್ರೆಯಿತ್ತು, ಇಂಗ್ಲಿಷಿನಲ್ಲಿ ಉದ್ದದ ಕೌನ್ಸಿಲೊಂದರ ಹೆಸರಿತ್ತು, ಆ ಸಂಖ್ಯೆಯೊಂದಿರಲಿಲ್ಲ. ಈಗ ಅವಳು ಅಲ್ಲೇ ಬಿಲ್ಲಿಂಗ್ ಕೌಂಟರಿನಲ್ಲಿ ಕುಳಿತಿದ್ದಾಳೆ. ‘ಉಸ್ತಾದ್, ಬರೆಯಿರಿ. ಆದರೆ ಸಂಸ್ಥೆಯ ಹೆಸರು ಹಾಕಬೇಡಿ, ಮಗಳ ಮದುವೆ ಮಾತುಕತೆ ನಡೆಯುತ್ತಿದೆ’ ಎಂದು ಅವರು ವಿನಂತಿಸಿದರು. ಮೋಸ ಹೋದವರೇ ನಾಚಿಕೊಂಡು ಮೌನವಾಗುವುದರಿಂದ ಆ ಸಂಸ್ಥೆಗೆ ಮುಂದಿನ ಜೂನ್‌ನಲ್ಲೂ ವಿದ್ಯಾರ್ಥಿಗಳು ಸಿಗುತ್ತಾರೆ.

ಆ ಫೈಲಿನಲ್ಲಿದ್ದ ಕಾಗದಗಳು ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಸಂಸ್ಥೆ ‘ಸರಕಾರದಿಂದ ನೋಂದಾಯಿತ’ವೇ ಆಗಿತ್ತು. ಟ್ರಸ್ಟ್ ಒಂದನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬಹುದು, ಸೊಸೈಟಿಯನ್ನು ನೋಂದಾಯಿಸಬಹುದು, ಕಂಪೆನಿಯನ್ನೂ ನೋಂದಾಯಿಸಬಹುದು. ಬೇಕರಿಗೂ ಪಂಚಾಯತಿನ ಪರವಾನಿಗೆ ಇರುತ್ತದೆ. ಐಎಸ್‌ಒ ಪ್ರಮಾಣಪತ್ರವು ಸಂಸ್ಥೆಯ ಆಡಳಿತ ವ್ಯವಸ್ಥೆಯ ಕುರಿತು ಮಾತಾಡುತ್ತದೆಯೇ ಹೊರತು ಅಲ್ಲಿನ ಕೋರ್ಸಿಗೆ ಬೆಲೆಯಿದೆ ಎಂದು ಹೇಳುವುದಿಲ್ಲ. ಈ ಯಾವುದೂ ಪಾಠ ಹೇಳಿ ಪದವಿಯನ್ನೋ ಡಿಪ್ಲೊಮಾವನ್ನೋ ಕೊಡುವ ಅಧಿಕಾರವಲ್ಲ. ನೋಂದಣಿ ಮತ್ತು ಮಾನ್ಯತೆಯ ನಡುವಿನ ಈ ಅಂತರದಲ್ಲೇ ಇಡೀ ವ್ಯಾಪಾರ ನಿಂತಿದೆ.

ಹಾಗಾದರೆ ಅಧಿಕಾರ ಯಾರದ್ದು? 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ನೀಡುವ ಹಕ್ಕು ಇರುವುದು ಕಾನೂನಿನ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾನಿಲಯಕ್ಕೆ, ಡೀಮ್ಡ್ ವಿವಿಗೆ ಅಥವಾ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಇಂಜಿನಿಯರಿಂಗ್ ಕಾಲೇಜಿಗೆ ಎಐಸಿಟಿಇಯ ಅನುಮೋದನೆಯೂ ವಿಶ್ವವಿದ್ಯಾನಿಲಯದ ಸಂಯೋಜನೆಯೂ ಬೇಕು. ಬಿ.ಎಡ್.ಗೆ ಎನ್‌ಸಿಟಿಇ, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್, ಐಟಿಐಗೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ. ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರಿನ ಡಿಪ್ಲೊಮಾಗಳಿಗೆ ನಮ್ಮ ರಾಜ್ಯದಲ್ಲಿ ಪ್ಯಾರಾಮೆಡಿಕಲ್ ಮಂಡಳಿಯಿದೆ. ಇದೇ ಕ್ಷೇತ್ರಕ್ಕೆ 2021ರಲ್ಲಿ ಕೇಂದ್ರವು ಪ್ರತ್ಯೇಕ ಕಾಯ್ದೆಯನ್ನೂ ತಂದಿದೆ. ದೂರಶಿಕ್ಷಣವಾದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಒಪ್ಪಿಗೆ ಇರಬೇಕು. ಅದರ 2020ರ ನಿಯಮಾವಳಿಯಂತೆ ನರ್ಸಿಂಗ್, ಪ್ಯಾರಾಮೆಡಿಕಲ್, ಫಾರ್ಮಸಿ, ಇಂಜಿನಿಯರಿಂಗ್, ಕಾನೂನು, ಹೋಟೆಲ್ ಮ್ಯಾನೇಜ್‌ಮೆಂಟ್, ವಿಮಾನಯಾನ ಇವುಗಳನ್ನು ದೂರಶಿಕ್ಷಣದಲ್ಲಿ ಕಲಿಸುವಂತೆಯೇ ಇಲ್ಲ. ಆದರೂ ‘ಮನೆಯಲ್ಲೇ ಕುಳಿತು’ ಎಂಬ ಸಾಲಿನೊಂದಿಗೆ ಇವೇ ಕೋರ್ಸುಗಳ ಕರಪತ್ರಗಳು ನಮ್ಮ ಮನೆಬಾಗಿಲಿಗೆ ಬರುತ್ತವೆ.

ಯುಜಿಸಿ ಕಾಲಕಾಲಕ್ಕೆ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಕರ್ನಾಟಕದ ಗೋಕಾಕಿನ ಒಂದು ‘ವರ್ಲ್ಡ್ ಓಪನ್ ಯುನಿವರ್ಸಿಟಿ’ ಆ ಪಟ್ಟಿಯಲ್ಲಿ ವರ್ಷಗಳಿಂದ ಇದೆ. ನಾಗಪುರದ ‘ರಾಜಾ ಅರಬಿಕ್ ಯುನಿವರ್ಸಿಟಿ’ಯೂ ಇದೆ. ಇತ್ತೀಚಿನ ವರ್ಷಗಳಲ್ಲಿ ಕೋಝಿಕ್ಕೋಡ್ ಬಳಿಯ ಕುನ್ನಮಂಗಲದ, ಪ್ರವಾದಿ ವೈದ್ಯದ ಹೆಸರಿನ ‘ಅಂತಾರಾಷ್ಟ್ರೀಯ ಇಸ್ಲಾಮಿಕ್ ವಿಶ್ವವಿದ್ಯಾನಿಲಯ’ವೂ ಸೇರಿಕೊಂಡಿತು. ಧರ್ಮದ ಹೆಸರು ಫಲಕದ ಮೇಲಿದ್ದರೆ ಪ್ರಶ್ನೆ ಕೇಳಲು ನಾವು ಹಿಂಜರಿಯುತ್ತೇವೆ ಎಂಬುದು ಈ ಫಲಕ ಬರೆಸುವವರಿಗೂ ಗೊತ್ತಿದೆ. ಇನ್ನು ಶಿಕ್ಷೆಯ ವಿಷಯ: ಅಧಿಕಾರವಿಲ್ಲದೆ ಪದವಿ ಕೊಡುವವರಿಗೆ ಯುಜಿಸಿ ಕಾಯ್ದೆ ವಿಧಿಸುವ ದಂಡ ಹೆಚ್ಚೆಂದರೆ 1,000 ರೂಪಾಯಿ! 1956ರಲ್ಲಿ ಅದು ದೊಡ್ಡ ಮೊತ್ತವಾಗಿತ್ತು. ಇಂದು ಅದು ಅಂಥ ಸಂಸ್ಥೆಯ ಅರ್ಜಿ ನಮೂನೆಯ ಬೆಲೆ.

ಆದರೆ ಖಾಸಗಿಯವರನ್ನು ಮಾತ್ರ ದೂಷಿಸಿ ಈ ಚರ್ಚೆಯನ್ನು ಮುಗಿಸುವಂತಿಲ್ಲ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಶಾಸನಸಭೆಯ ಕಾಯ್ದೆಯ ಮೂಲಕವೇ ಹುಟ್ಟಿದ ಸರಕಾರಿ ವಿವಿ. ಬೆಳಗ್ಗೆ ಮದ್ರಸದಲ್ಲಿ ಪಾಠ ಹೇಳಿ ರಾತ್ರಿ ಬಿ.ಎ. ಪುಸ್ತಕ ತೆರೆಯುವ ಉಸ್ತಾದರಿಗೆ, ಮದುವೆಯ ಬಳಿಕ ಓದು ಮುಂದುವರಿಸುವ ಆಸೆಯಿರುವ ಹೆಣ್ಮಕ್ಕಳಿಗೆ, ಅಂಗಡಿಯಲ್ಲಿ ದುಡಿಯುತ್ತಾ ಕಲಿಯುವ ಯುವಕರಿಗೆ ಇಂಥ ವಿವಿಗಿಂತ ಹತ್ತಿರದ ಬಾಗಿಲು ಬೇರೆ ಇಲ್ಲ. ಆ ವಿವಿಯೇ ಖಾಸಗಿ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡು, ರಾಜ್ಯದ ಗಡಿಯನ್ನೂ ಮೀರಿ, ತಾಂತ್ರಿಕ ಕೋರ್ಸುಗಳನ್ನೂ ನಡೆಸಲು ಹೊರಟಿತು. ಯುಜಿಸಿ ಆಕ್ಷೇಪಿಸಿತು. 2015ರ ಜೂನ್‌ನಲ್ಲಿ, 2012-13ರ ನಂತರದ ಸಾಲುಗಳಿಗೆ ಈ ವಿವಿಗೆ ಮಾನ್ಯತೆಯಿಲ್ಲವೆಂದು ಬಹಿರಂಗವಾಗಿ ಪ್ರಕಟಿಸಿತು. ದಿನಾಂಕಗಳನ್ನು ಗಮನಿಸಿ. ಪ್ರಕಟಣೆ ಬಂದದ್ದು 2015ರಲ್ಲಿ. ಅಷ್ಟರಲ್ಲಿ 2013-14 ಮತ್ತು 2014-15ರಲ್ಲಿ ಸೇರಿದವರು ಶುಲ್ಕ ಕಟ್ಟಿಯಾಗಿತ್ತು, ಪುಸ್ತಕ ಓದಿಯಾಗಿತ್ತು. ಮಾನ್ಯತೆ ಮರಳಿದ್ದು 2018ರ ಆಗಸ್ಟ್‌ನಲ್ಲಿ, ಅದೂ 2018-19ನೇ ಸಾಲಿನಿಂದ. ನಡುವಿನವರು ಏನೂ ತಪ್ಪು ಮಾಡಿರಲಿಲ್ಲ. ಸರಕಾರದ ವಿವಿಯನ್ನು ನಂಬಿದ್ದರು, ಅಷ್ಟೇ.

ಈ ಪ್ರಕರಣದಿಂದ ಹೆತ್ತವರು ತಿಳಿಯಬೇಕಾದ ಒಂದು ಸಂಗತಿಯಿದೆ. ಮಾನ್ಯತೆ ಎಂಬುದು ಸಂಸ್ಥೆಗೆ ಒಮ್ಮೆ ಕೊಟ್ಟು ಮರೆತುಬಿಡುವ ಬಿರುದಲ್ಲ. ಅದಕ್ಕೆ ಅವಧಿಯಿದೆ, ಕೋರ್ಸಿನ ಹೆಸರಿದೆ, ಸೀಟುಗಳ ಸಂಖ್ಯೆಯಿದೆ. ನಾಲ್ಕು ಕೋರ್ಸುಗಳಿಗೆ ಅನುಮತಿ ಪಡೆದ ಸಂಸ್ಥೆ ಐದನೆಯದನ್ನು ಅನುಮತಿಯಿಲ್ಲದೆ ನಡೆಸುತ್ತಿರಬಹುದು. ಹೋದ ವರ್ಷದ ಪತ್ರವನ್ನು ಈ ವರ್ಷ ಗೋಡೆಯಲ್ಲಿ ತೂಗುಹಾಕಿರಬಹುದು. ಆದ್ದರಿಂದ ‘ಅದು ಒಳ್ಳೆಯ ಕಾಲೇಜು’ ಎಂಬ ನೆರೆಯವರ ಮಾತು ಸಾಲದು. ಈ ಕೋರ್ಸಿಗೆ ಈ ವರ್ಷ ಅನುಮತಿಯಿದೆಯೇ ಎಂದೇ ಕೇಳಬೇಕು. ಅದನ್ನೂ ಪ್ರವೇಶ ಕೌಂಟರಿನಲ್ಲಿ ಕುಳಿತವರಲ್ಲಿ ಕೇಳಿ ನಿಲ್ಲಿಸದೆ, ಅನುಮತಿ ಕೊಡುವ ಮಂಡಳಿಯಲ್ಲಿಯೇ ವಿಚಾರಿಸಬೇಕು.

ನಮ್ಮ ಅಂಗಳದ ವಿಷಯಕ್ಕೂ ಬರೋಣ. ಉತ್ತರ ಪ್ರದೇಶದ ಮದ್ರಸಾ ಶಿಕ್ಷಣ ಮಂಡಳಿಯ 2004ರ ಕಾಯ್ದೆಯನ್ನು ಅಲಹಾಬಾದ್ ಹೈಕೋರ್ಟು 2024ರ ಮಾರ್ಚ್‌ನಲ್ಲಿ ರದ್ದುಪಡಿಸಿತ್ತು. ಅದೇ ವರ್ಷದ ನವೆಂಬರ್ 5ರಂದು ಸುಪ್ರೀಮ್ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಮದ್ರಸಗಳಿಗೆ ಜಯ ಎಂದು ನಾವೆಲ್ಲ ಸಂಭ್ರಮಿಸಿದೆವು. ತೀರ್ಪಿನ ಇನ್ನೊಂದು ಭಾಗವನ್ನು ಎಷ್ಟು ಮಂದಿ ಓದಿದರು? ಕಾಮಿಲ್ ಮತ್ತು ಫಾಝಿಲ್ ಎಂಬ ಉನ್ನತ ಪದವಿಗಳನ್ನು ಮಂಡಳಿ ನೀಡುವುದು ಯುಜಿಸಿ ಕಾಯ್ದೆಗೆ ವಿರುದ್ಧವೆಂದು ಅದೇ ತೀರ್ಪು ಹೇಳಿತು. ಧಾರ್ಮಿಕ ವಿದ್ಯೆಯ ಸನದಿಗೆ ಇದರಿಂದ ಏನೂ ಕುಂದಿಲ್ಲ. ಅದರ ಗೌರವ ಸರಕಾರದ ಮುದ್ರೆಯಿಂದ ಬಂದದ್ದೂ ಅಲ್ಲ. ಆದರೆ ಆ ಸನದನ್ನು ಬಿ.ಎ.ಗೆ ಸಮಾನವೆಂದು ನಂಬಿಸಿ ಮಕ್ಕಳನ್ನು ಸೇರಿಸಿಕೊಳ್ಳುವುದು ಬೇರೆ ಮಾತು. ಇಂದು ಕರಾವಳಿಯ ಅನೇಕ ಅರಬಿಕ್ ಕಾಲೇಜುಗಳು, ಮಹಿಳಾ ಶರೀಅತ್ ಕಾಲೇಜುಗಳು ಧಾರ್ಮಿಕ ವಿದ್ಯೆಯ ಜೊತೆಗೆ ಪದವಿಯನ್ನೂ ಕೊಡಿಸುತ್ತಿವೆ. ಇದು ಸ್ವಾಗತಾರ್ಹ ಬೆಳವಣಿಗೆ. ಅಲ್ಲಿಗೆ ಮಗಳನ್ನು ಸೇರಿಸುವ ತಂದೆ ಪ್ರಾಂಶುಪಾಲರಲ್ಲಿ ವಿನಯದಿಂದಲೇ ಕೇಳಲಿ: ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು? ಅಲ್ಲಿ ನನ್ನ ಮಗಳ ಹೆಸರು ದಾಖಲಾಗಿದೆಯೇ? ಉಸ್ತಾದರಲ್ಲಿ ಪ್ರಶ್ನೆ ಕೇಳುವುದು ಅದಬ್‌ಗೆ ವಿರುದ್ಧವಲ್ಲ.

ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ನಿಯಮಗಳೆಲ್ಲ ಅನ್ವಯಿಸುವುದಿಲ್ಲ, ಸಂವಿಧಾನದ 30ನೇ ವಿಧಿಯ ರಕ್ಷಣೆಯಿದೆ ಎಂಬ ವಾದವೂ ಕೇಳಿಬರುತ್ತದೆ. ಅಂದಹಾಗೆ, ಈ ವಿಷಯದಲ್ಲಿ ದೇಶದ ಕಾನೂನನ್ನು ರೂಪಿಸಿದ ಎರಡು ದೊಡ್ಡ ಪ್ರಕರಣಗಳು ನಮ್ಮ ಕರಾವಳಿಯವೇ. ಮೊದಲನೆಯದು, 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠ ತೀರ್ಪಿತ್ತ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ. ಎರಡನೆಯದು, 2003ರ ಆಗಸ್ಟ್ 14ರ ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ಮತ್ತು ಕರ್ನಾಟಕ ಸರಕಾರದ ನಡುವಿನ ಪ್ರಕರಣ. ತೋಡಾರಿನ ಯೆನೆಪೋಯ ಕಾಲೇಜನ್ನು ಆ ಬಳಿಕ ಸ್ಥಾಪಿಸಿದ್ದು ಇದೇ ಅಕಾಡೆಮಿ. ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಸಂಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕಿದೆ, ಆದರೆ ಶಿಕ್ಷಣದ ಗುಣಮಟ್ಟಕ್ಕಾಗಿ ಸರಕಾರ ನಿಯಮ ವಿಧಿಸಬಹುದು ಎಂಬುದು ಮೊದಲ ತೀರ್ಪಿನ ಸಾರ. ಸಂಸ್ಥೆಯು ತನ್ನ ಶುಲ್ಕವನ್ನು ತಾನೇ ಗೊತ್ತುಪಡಿಸಬಹುದು, ಆದರೆ ಲಾಭಕೋರತನ ಸಲ್ಲದು ಎಂದ ಎರಡನೆಯ ತೀರ್ಪು, ಅದನ್ನು ನೋಡಿಕೊಳ್ಳಲು ನಿವೃತ್ತ ಹೈಕೋರ್ಟ್ ನ್ಯಾಯಾಧೀಶರ ನೇತೃತ್ವದ ಸಮಿತಿಗಳನ್ನೂ ರಚಿಸಿತು. ಅದರ ಕೆಲವು ಅಂಶಗಳನ್ನು 2005ರಲ್ಲಿ ಇನಾಮ್ದಾರ್ ಪ್ರಕರಣದ ಏಳು ನ್ಯಾಯಾಧೀಶರ ಪೀಠ ಬದಲಿಸಿತಾದರೂ, ಅಲ್ಪಸಂಖ್ಯಾತ ಎಂಬ ಹೆಸರು ಗುಣಮಟ್ಟದಿಂದ ವಿನಾಯಿತಿಯಲ್ಲ ಎಂಬ ಮಾತು ಹಾಗೆಯೇ ಉಳಿಯಿತು. 30ನೇ ವಿಧಿಯನ್ನು ನಮ್ಮ ಹಿರಿಯರು ನ್ಯಾಯಾಲಯದಲ್ಲಿ ಕಷ್ಟಪಟ್ಟು ಕಾಪಾಡಿದ್ದು ಸಮುದಾಯದ ಮಕ್ಕಳಿಗಾಗಿ. ಪ್ರಯೋಗಾಲಯವಿಲ್ಲದ ಡಿಪ್ಲೊಮಾ ಮಾರುವವರಿಗಾಗಿ ಅಲ್ಲ.

ಸರಕಾರದ ಹೊಣೆಯೂ ಚಿಕ್ಕದಲ್ಲ. ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಆಯೋಗದ 2004ರ ಕಾಯ್ದೆಯಂತೆ ಹೊಸ ಸಂಸ್ಥೆಯ ನಿರಾಕ್ಷೇಪಣಾ ಪತ್ರದ ಅರ್ಜಿಯನ್ನು 90 ದಿನಗಳಲ್ಲಿ ಇತ್ಯರ್ಥಪಡಿಸದಿದ್ದರೆ ಅನುಮತಿ ಸಿಕ್ಕಿದೆಯೆಂದೇ ಭಾವಿಸಬೇಕು. ಕಾನೂನಿನಲ್ಲೇ ಇಂಥ ಗಡುವನ್ನು ಬರೆಯಬೇಕಾಗಿ ಬಂತೆಂಬುದು ಕಡತಗಳ ವೇಗದ ಬಗ್ಗೆ ಸಾಕಷ್ಟನ್ನು ಹೇಳುತ್ತದೆ. ನರ್ಸಿಂಗಿನಲ್ಲಂತೂ ಮಾನ್ಯತೆ ಕೊಡುವವರು ಯಾರೆಂಬುದೇ ಜಗಳವಾಯಿತು. ಭಾರತೀಯ ನರ್ಸಿಂಗ್ ಕೌನ್ಸಿಲಿಗೆ ಕಾಲೇಜುಗಳನ್ನು ಮಾನ್ಯ ಮಾಡುವ ಅಧಿಕಾರವಿಲ್ಲವೆಂದು 2017ರಲ್ಲಿ ಕರ್ನಾಟಕ ಹೈಕೋರ್ಟು ತೀರ್ಪಿತ್ತಾಗ, ನಮ್ಮ ರಾಜ್ಯದಲ್ಲಿ ಕಲಿಯುತ್ತಿದ್ದ ಕೇರಳದ ವಿದ್ಯಾರ್ಥಿಗಳು ಊರಿಗೆ ಮರಳಿದರೆ ಕೆಲಸ ಸಿಕ್ಕೀತೇ ಎಂದು ಕಂಗಾಲಾದರು. ಎರಡು ಕೌನ್ಸಿಲುಗಳ ನಡುವೆ ಸಿಲುಕಿದವರು ಆ ಹುಡುಗಿಯರು.

ಇನ್ನೂ ಒಂದನ್ನು ಹೇಳಲೇಬೇಕು. 2022ರ ಫೆಬ್ರವರಿಯ ಶಿರವಸ್ತ್ರ ಆದೇಶದ ಬಳಿಕ ನಮ್ಮ ಜಿಲ್ಲೆಗಳ ಹಲವು ಹೆಣ್ಮಕ್ಕಳು ಸರಕಾರಿ ಕಾಲೇಜುಗಳಿಂದ ಹೊರಬಂದರು. ಕೆಲವರು ಖಾಸಗಿ ಕಾಲೇಜಿಗೆ ಹೋದರು, ಕೆಲವರು ದೂರಶಿಕ್ಷಣಕ್ಕೆ, ಕೆಲವರು ಮನೆಗೆ. ಮಾನ್ಯತೆಯುಳ್ಳ ಬಾಗಿಲನ್ನು ಸರಕಾರವೇ ಮುಚ್ಚಿದಾಗ ಪಕ್ಕದ ಓಣಿಯ ‘ಕೆರಿಯರ್ ಇನ್‌ಸ್ಟಿಟ್ಯೂಟ್’ ಬಾಗಿಲು ತೆರೆದು ಕುಳಿತಿರುತ್ತದೆ. ‘ಇಲ್ಲಿ ಹೆಣ್ಮಕ್ಕಳಿಗೆ ಸುರಕ್ಷಿತ ವಾತಾವರಣ’ ಎಂಬ ಮಾತು ನಮ್ಮ ತಾಯಂದಿರಿಗೆ ಎಲ್ಲಕ್ಕಿಂತ ದೊಡ್ಡ ಭರವಸೆ. ಪರದೆಯ ಸೌಕರ್ಯವಿದೆಯೇ, ನಮಾಝಿಗೆ ಕೋಣೆಯಿದೆಯೇ ಎಂದು ಕೇಳುವುದು ಸರಿಯೇ. ಅನುಮತಿ ಪತ್ರವನ್ನು ಕೇಳುವ ಸರದಿ ಅದರ ನಂತರವೂ ಬರುವುದಿಲ್ಲ ಎಂಬುದೇ ನೋವು.

ಪ್ರತಿ ವರ್ಷ ಪಿಯು ಫಲಿತಾಂಶದ ಬೆನ್ನಿಗೆ ನಮ್ಮ ಜಮಾಅತ್ ಕಮಿಟಿಗಳು, ಯುವಕ ಸಂಘಗಳು ವಿದ್ಯಾರ್ಥಿವೇತನ ಹಂಚುತ್ತವೆ. ಅದರಲ್ಲಿ ಝಕಾತಿನ ಹಣವೂ ಇದೆ. ಅರ್ಜಿಯೊಂದಿಗೆ ಅಂಕಪಟ್ಟಿ, ಆಧಾರ್, ರೇಶನ್ ಕಾರ್ಡಿನ ಪ್ರತಿಗಳನ್ನು ಕೇಳುತ್ತೇವೆ. ಬಡವನು ಬಡವನೇ ಎಂದು ಮೂರು ಬಾರಿ ಪರೀಕ್ಷಿಸುತ್ತೇವೆ. ಹಣ ಯಾವ ಸಂಸ್ಥೆಯ ಖಾತೆಗೆ ಹೋಗುತ್ತದೋ ಆ ಸಂಸ್ಥೆಯನ್ನು ಒಮ್ಮೆಯೂ ಪರೀಕ್ಷಿಸುವುದಿಲ್ಲ. ಮಸೀದಿಯ ಕಚೇರಿಯಲ್ಲಿ ಓದುಬರಹ ಬಲ್ಲ ಇಬ್ಬರು ಯುವಕರು ಒಂದು ಸಂಜೆ ಕುಳಿತು ಸಂಬಂಧಪಟ್ಟ ಮಂಡಳಿಯ ಪಟ್ಟಿಯನ್ನು ನೋಡಿದರೆ ಆಗುವ ಕೆಲಸವಿದು. ಪಟ್ಟಿಯಲ್ಲಿಲ್ಲದ ಸಂಸ್ಥೆಗೆ ಜಮಾಅತಿನ ಹಣ ಹೋಗದಿರಲಿ.

ಈ ಮಾತನ್ನು ಬರೆಯುವಾಗ ನಮ್ಮದೇ ಹಳೆಯ ಸಂಚಿಕೆಗಳ ಕೊನೆಯ ಪುಟಗಳು ಕಣ್ಣ ಮುಂದೆ ಬರುತ್ತಿವೆ. ಮೇ ಮತ್ತು ಜೂನ್ ತಿಂಗಳಲ್ಲಿ ಸಮುದಾಯದ ಪತ್ರಿಕೆಗಳು ನಡೆಯುವುದೇ ಕೋರ್ಸುಗಳ ಜಾಹೀರಾತಿನಿಂದ. ‘ನೂರು ಶೇಕಡಾ ಉದ್ಯೋಗ’, ‘ಗಲ್ಫ್‌ನಲ್ಲಿ ಬೇಡಿಕೆ’ ಎಂಬ ಸಾಲುಗಳನ್ನು ನಾವೂ ಅಚ್ಚು ಹಾಕಿದ್ದೇವೆ, ಅನುಮತಿ ಪತ್ರವನ್ನು ಕೇಳದೆಯೇ. ಆ ಬಂಟ್ವಾಳದ ತಂದೆಯ ಫೈಲಿನಲ್ಲಿ ಪತ್ರಿಕೆಯಿಂದ ಕತ್ತರಿಸಿದ ಜಾಹೀರಾತೊಂದಿತ್ತು. ಅದು ನಮ್ಮದಲ್ಲ ಎಂದು ತಿಳಿದಾಗ ನಿಟ್ಟುಸಿರು ಬಿಟ್ಟೆವು, ಆ ನಿಟ್ಟುಸಿರಿಗೇ ನಾಚಿದೆವು. ಮುಂದಿನ ಸಂಚಿಕೆಯಿಂದ, ಚಾಲ್ತಿ ಸಾಲಿನ ಅನುಮತಿ ಪತ್ರದ ಪ್ರತಿಯಿಲ್ಲದೆ ಯಾವುದೇ ಶಿಕ್ಷಣ ಸಂಸ್ಥೆಯ ಜಾಹೀರಾತನ್ನು ಈ ಪತ್ರಿಕೆ ಸ್ವೀಕರಿಸುವುದಿಲ್ಲ. ಪ್ರವೇಶಾತಿಯ ತಿಂಗಳಲ್ಲಿ ಒಂದೆರಡು ಪುಟ ಕಡಿಮೆಯಾಗಬಹುದು, ಓದುಗರು ಸಹಕರಿಸಬೇಕು.