ವಿಡಿಯೊ ಪಾಠಕ್ಕೆ ತಿದ್ದುವ ಕೈ ಬೇಕು

ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಯಲ್ಲಿ 1847ರಷ್ಟು ಹಿಂದೆಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ರೈತರ ಬೆಲ್ಲದಿಂದ ಅಲ್ಲಿ ಸಕ್ಕರೆ ಮಾಡುತ್ತಿದ್ದರು. ಆಗ ಯಂತ್ರದ ಕೆಲಸ ಕಲಿಯಲು ಬಲ್ಲವರ ಪಕ್ಕದಲ್ಲಿ ನಿಲ್ಲಲೇಬೇಕಿತ್ತು. ಈಗ ಪಂಪ್‌ಸೆಟ್ ಸ್ಟಾರ್ಟರಿನ ವೈರಿಂಗ್‌ನಿಂದ ಹಿಡಿದು ಕೋಡಿಂಗ್‌ವರೆಗೆ ಎಲ್ಲದರ ವಿಡಿಯೊ ಪಾಠವೂ ಮೊಬೈಲಿನಲ್ಲಿದೆ.

ಪಾಠಕ್ಕೆ ಬರವಿಲ್ಲ, ಒಳ್ಳೆಯ ಪಾಠಕ್ಕೆ ಇದೆ. ಬಾಂಬೆ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಮೆಚ್ಚುವಂಥದ್ದು. ಲಿನಕ್ಸ್, ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶಗಳನ್ನು ಚಿಕ್ಕ ಚಿಕ್ಕ ತುಣುಕುಗಳಲ್ಲಿ ಕಲಿಸುತ್ತದೆ. ಹಲವು ಪಾಠಗಳ ವಿವರಣೆ ಕನ್ನಡದಲ್ಲೂ ಉಂಟು. ಒಂದು ಹೆಜ್ಜೆ ನೋಡು, ವಿಡಿಯೊ ನಿಲ್ಲಿಸು, ನಿನ್ನ ಕಂಪ್ಯೂಟರಿನಲ್ಲಿ ಮಾಡು ಎಂಬುದು ಅದರ ಕ್ರಮ. ಮನೆಯಲ್ಲಿ ಮೊಬೈಲ್ ಒಂದೇ ಇದ್ದವರು ಎಲ್ಲಿ ಮಾಡಬೇಕೋ!

ಕಂಪ್ಯೂಟರಿನಲ್ಲಿ ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದು. ತ್ರೀ ಫೇಸ್ ಕರೆಂಟು ಅಂಥ ಅವಕಾಶ ಕೊಡುವುದಿಲ್ಲ. ಫ್ಯೂಸ್ ತೆಗೆಯದೆ ಕೈ ಹಾಕುತ್ತಿರುವವನನ್ನು ವಿಡಿಯೊದಲ್ಲಿರುವ ಮೇಷ್ಟ್ರು ತಡೆಯಲಾರರು. ‘ವ್ಯೂಸ್’ ಹೆಚ್ಚಿದ್ದ ಮಾತ್ರಕ್ಕೆ ಹೇಳಿದವನಿಗೆ ಕೆಲಸ ಗೊತ್ತು ಎಂದೂ ಅಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕೇಂದ್ರಗಳಲ್ಲಿ ಸಂಜೆ ಹೊತ್ತು ಕಂಪ್ಯೂಟರ್ ತೆರೆದಿಡಲಿ. ವಾರಕ್ಕೊಮ್ಮೆ ಐಟಿಐ ಬೋಧಕರೋ ಊರಿನ ಅನುಭವಿ ಮೋಟಾರ್ ಮೆಕ್ಯಾನಿಕ್ಕೋ ಬಂದು ಹುಡುಗ ಹುಡುಗಿಯರ ಕೈಕೆಲಸ ನೋಡಿ ತಿದ್ದಲಿ. ಅವರಿಗೆ ಗೌರವಧನ ಕೊಡುವ ಹೊಣೆಯನ್ನು ಜಿಲ್ಲಾ ಪಂಚಾಯಿತಿ ಹೊರಲಿ.