ಗಾಜು, ಕಾಚು, ಚಾಳೀಸು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಅಜ್ಜ ಪತ್ರಿಕೆ ಓದಲು ಕೇಳುವುದು ಕನ್ನಡಕವನ್ನಲ್ಲ, ಚಾಳೀಸನ್ನು. 'ಯಜ್ಜಾ, ಅದು ಕನ್ನಡ ಶಬ್ದ ಅಲ್ಲ' ಎಂದು ಮೊಮ್ಮಗ ತಿದ್ದಲು ಹೊರಟರೆ ಅಜ್ಜ ಸುಮ್ಮನಾಗಬೇಕೆ?

ಬೇಕಾಗಿಲ್ಲ. ಚಾಳೀಸ ಎಂದರೆ ಮರಾಠಿಯಲ್ಲಿ ನಲವತ್ತು. ಆ ವಯಸ್ಸಿನ ಸುಮಾರಿಗೆ ಹತ್ತಿರದ ಅಕ್ಷರಗಳು ಮಸುಕಾಗತೊಡಗುತ್ತವೆ. ವಯಸ್ಸೇ ವಸ್ತುವಿನ ಹೆಸರಾಯಿತು. ನೆರೆಯ ಭಾಷೆಯಿಂದ ಬಂದ ಈ ಮಾತು ಉತ್ತರ ಕರ್ನಾಟಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ.

ಚಾಳೀಸಿನೊಳಗಿನ ಗಾಜಿನ ಕಥೆ ಇನ್ನೂ ಸ್ವಾರಸ್ಯಕರ. 'ಗಾಜು' ಅಚ್ಚಗನ್ನಡವೆಂದು ಹಲವರ ನಂಬಿಕೆ. ಅದು ಸಂಸ್ಕೃತದ 'ಕಾಚ' ಶಬ್ದದ ತದ್ಭವ. ಸೂಚಿ ಸೂಜಿಯಾದಾಗ ಚಕಾರ ಜಕಾರವಾಯಿತು. ಕೋಕಿಲ ಕೋಗಿಲೆಯಾದಾಗ ಕಕಾರ ಗಕಾರವಾಯಿತು. ಎರಡೂ ಬದಲಾವಣೆಗಳನ್ನು 'ಗಾಜು' ಶಬ್ದದಲ್ಲಿ ಒಟ್ಟಿಗೆ ಕಾಣಬಹುದು. ಮರಾಠಿಯೂ ಗಾಜಿಗೆ 'ಕಾಚ' ಎನ್ನುತ್ತದೆ. ಗಡಿಭಾಗದ ಮನೆಮಾತಿನಲ್ಲಿ ಕೇಳಿಬರುವ 'ಕಾಚು' ಹಾಗೂ ಪಠ್ಯಪುಸ್ತಕದ 'ಗಾಜು' ಒಂದೇ ತಾಯಿಯ ಮಕ್ಕಳು. ಬಂದ ದಾರಿ ಮಾತ್ರ ಬೇರೆ. ಆಯುರ್ವೇದದಲ್ಲಿ ಕಾಚ ಎಂಬುದು ದೃಷ್ಟಿ ಮಸುಕಾಗುವ ಒಂದು ಕಣ್ಣುಬೇನೆಯ ಹೆಸರೂ ಹೌದು.

ಇದೇ ಬಗೆಯ ಸಂಗತಿ ದೂರದ ಐಸ್‌ಲ್ಯಾಂಡ್ ದ್ವೀಪದಲ್ಲೂ ಉಂಟು. ಅಲ್ಲಿ ಕಿಟಕಿಗೆ ಹಾಕುವ ಗಾಜು 'ಗ್ಲೇರ್'. ನೀರು ಕುಡಿಯುವ ಲೋಟ 'ಗ್ಲಾಸ್'. ಎರಡರ ಮೂಲ ಒಂದೇ. ಮೊದಲನೆಯದು ಪೂರ್ವಿಕರಿಂದ ಉಳಿದು ಬಂದದ್ದು, ಎರಡನೆಯದು ನೆರೆಯ ಭಾಷೆಗಳಿಂದ ಆಮೇಲೆ ಬಂದದ್ದು. ಆ ಜನ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊರದೂಡಲಿಲ್ಲ. ಎರಡಕ್ಕೂ ಬೇರೆ ಬೇರೆ ಕೆಲಸ ಕೊಟ್ಟರು. ಕನ್ನಡಕಕ್ಕೆ ಅವರಲ್ಲಿರುವ ಹೆಸರಿನ ಅರ್ಥ 'ಗಾಜುಗಣ್ಣು'. ನಮ್ಮ ಕನ್ನಡಿ, ಕನ್ನಡಕಗಳಲ್ಲೂ ಕಣ್ಣು ಅಡಗಿದೆ.

ಕನ್ನಡಿಗರೂ ಹೀಗೆಯೇ ಮಾಡಿದ್ದಾರೆ. ಬಳೆ ಗಾಜಿನದು, ಚಹಾ ಕುಡಿಯುವುದು ಗ್ಲಾಸಿನಲ್ಲಿ. ಆ ಗ್ಲಾಸು ಸ್ಟೀಲಿನದಾದರೂ ಹೆಸರು ಬದಲಾಗಲಿಲ್ಲ! ಅತ್ತರಿನ ಸೀಸೆ ಪಾರಸಿಯ 'ಶೀಶಾ'ದಿಂದ ಬಂತು. ಅಲ್ಲಿಯೂ ಅದರ ಅರ್ಥ ಗಾಜೇ.

ಪರೀಕ್ಷೆಯಲ್ಲಿ ವಿದ್ಯಾರ್ಥಿ 'ಗಾಜು', 'ಕನ್ನಡಕ' ಎಂದು ಬರೆಯಲಿ. ಶಿಷ್ಟ ಬರವಣಿಗೆಗೆ ಅದು ಅಗತ್ಯ. ಮನೆಯಲ್ಲಿ ಅಜ್ಜನ ಮಾತನ್ನು ತಿದ್ದುವ ಬದಲು ಅದು ಎಲ್ಲಿಂದ ಬಂತೆಂದು ಕೇಳಲಿ. ಮಗು ಕಾಚು, ಚಾಳೀಸು ಎಂದಾಗ ತಾಯ್ತಂದೆಯರು ನಾಚಬೇಕಾದುದೂ ಇಲ್ಲ. ಆ ಮಾತುಗಳನ್ನು ಮರೆತರೆ ಅಜ್ಜನೊಡನೆ ಆಡುವ ಮಾತೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.